ಚೀಟಿಯಲ್ಲಿ ಸೊನ್ನೆ, ಕರುಳಲ್ಲಿ ಲಾಡಿಹುಳು: ಕುದುರೆ ಸಾಕುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಲಾಯದ ಕಂದು ಹೆಣ್ಣುಕುದುರೆ ಗೌರಿಗೆ ಒಂದೇ ಮಳೆಗಾಲದಲ್ಲಿ ಮೂರು ಸಲ ಹೊಟ್ಟೆಶೂಲೆ ಬಂತು. ಮೂರು ಸಲವೂ ಅದೇ ಆಟ. ಸಂಜೆಯ ಮೇವನ್ನು ಅರ್ಧಕ್ಕೆ ಬಿಟ್ಟು, ಮುಂಗಾಲಿನಿಂದ ನೆಲ ಕೆರೆಯುತ್ತ, ಕುತ್ತಿಗೆ ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತ ನಿಲ್ಲುತ್ತಿತ್ತು. ವೈದ್ಯರು ಬಂದು ಸೆಳೆತ ಇಳಿಸುವ ಇಂಜೆಕ್ಷನ್ ಕೊಟ್ಟರೆ ಒಂದು ಗಂಟೆಯಲ್ಲಿ ಏನೂ ಆಗಿಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಎರಡು ಸಲ ಲದ್ದಿ ಪರೀಕ್ಷೆ ಮಾಡಿಸಿದೆ. ಎರಡು ಸಲವೂ ‘ಮೊಟ್ಟೆ: ಸೊನ್ನೆ’ ಎಂಬ ಚೀಟಿ ಬಂತು. ನಾನು ಹುರುಳಿಯನ್ನು ದೂರಿದೆ, ನೀರನ್ನು ದೂರಿದೆ, ಕುದುರೆ ನೋಡಿಕೊಳ್ಳುವ ಪಾಪದ ಸೈಸ್‌ನನ್ನೂ ದೂರಿದೆ.

ಕೊನೆಗೆ ಒಬ್ಬ ಹಿರಿಯ ಪಶುವೈದ್ಯರು ಚೀಟಿ ನೋಡಿ, “ಇದು ದುಂಡುಹುಳುಗಳ ಲೆಕ್ಕ. ಲಾಡಿಹುಳುವನ್ನು ಇದರಲ್ಲಿ ಯಾರೂ ಹುಡುಕಿಯೇ ಇಲ್ಲ” ಎಂದರು. ಔಷಧ ಕೊಟ್ಟು, ಮರುದಿನದ ಲದ್ದಿಯನ್ನು ಬೇರೆ ವಿಧಾನದಲ್ಲಿ ನೋಡಿದಾಗ ಸೂಕ್ಷ್ಮದರ್ಶಕದ ಕೆಳಗೆ ಒಂದು ಮೂಲೆ ಚಪ್ಪಟೆಯಾದ ಮೊಟ್ಟೆಗಳು ಕಾಣಿಸಿದವು. ಆಮೇಲೆ ಗೌರಿಗೆ ಶೂಲೆ ಮರಳಿಲ್ಲ. ಔಷಧದಿಂದಲೇ ಹೋಯಿತೆಂದು ಆಣೆ ಮಾಡಿ ಹೇಳಲಾರೆ. ಕುದುರೆಯ ಹೊಟ್ಟೆ ನೂರು ಕಾರಣಗಳಿಗೆ ನೋಯುತ್ತದೆ. ಆದರೆ ಅಂದಿನಿಂದ ಲಾಯದ ಕೆಲಸದ ಕ್ರಮವೇ ಬದಲಾಯಿತು. ಇಲ್ಲಿ ಬರೆದಿರುವುದು ಆ ಕ್ರಮವನ್ನು.

ಮೊದಲು ಹುಳುವಿನ ಪರಿಚಯ

ಲಾಡಿಹುಳು ಎಂದೊಡನೆ ಮನುಷ್ಯರ ಕರುಳಿನಲ್ಲಿ ಮೀಟರುಗಟ್ಟಲೆ ಬೆಳೆಯುವ ಹುಳು ನೆನಪಿಗೆ ಬರುತ್ತದೆ. ಕುದುರೆಯದು ಹಾಗಲ್ಲ. ಅತಿ ಸಾಮಾನ್ಯವಾಗಿ ಸಿಗುವ ಅನೊಪ್ಲೊಸೆಫಾಲಾ ಪರ್ಫೋಲಿಯಾಟಾ ನಾಲ್ಕರಿಂದ ಎಂಟು ಸೆಂಟಿಮೀಟರ್ ಉದ್ದದ, ಬೆರಳಿನಷ್ಟು ಅಗಲದ, ಬೆಳ್ಳಗಿನ ದಪ್ಪ ಪಟ್ಟಿ. ಪೈಜಾಮದ ಲಾಡಿಯ ತುಂಡೊಂದನ್ನು ಕತ್ತರಿಸಿ ನೀರಿನಲ್ಲಿ ನೆನೆಸಿಟ್ಟಂತೆ ಇರುತ್ತದೆ. ತಲೆಯಲ್ಲಿ ಕೊಕ್ಕೆಗಳಿಲ್ಲ, ನಾಲ್ಕು ಹೀರುಬಟ್ಟಲುಗಳಿವೆ. ಒಂದೊಂದು ಬಟ್ಟಲಿನ ಕೆಳಗೂ ಕಿವಿಯ ಹಾಲೆಯಂಥ ಒಂದು ಮಡಿಕೆ. ಇದೇ ಕುಲದ ಅನೊಪ್ಲೊಸೆಫಾಲಾ ಮ್ಯಾಗ್ನಾ ಸಣ್ಣ ಕರುಳಿನಲ್ಲಿ 80 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಮೂರನೆಯದೊಂದು ಕುಳ್ಳ ಜಾತಿಯೂ ಇದೆ, ಅದರಿಂದ ತೊಂದರೆ ಕಡಿಮೆ.

ಪರ್ಫೋಲಿಯಾಟಾ ದೊಡ್ಡ ಶತ್ರುವಾಗಿರುವುದಕ್ಕೆ ಅದರ ಗಾತ್ರ ಕಾರಣವಲ್ಲ, ಅದು ಆರಿಸಿಕೊಳ್ಳುವ ಜಾಗ ಕಾರಣ. ಸಣ್ಣ ಕರುಳು ಮುಗಿದು ಅಂಧಕರುಳು, ಅಂದರೆ ದೊಡ್ಡ ಕರುಳಿನ ಮೊದಲ ಚೀಲ, ಶುರುವಾಗುವ ಕಡೆ ಒಂದು ಕಿರಿದಾದ ಬಾಗಿಲಿದೆ. ಕುದುರೆ ತಿಂದದ್ದೆಲ್ಲ ಆ ಬಾಗಿಲಿನ ಮೂಲಕವೇ ಹೋಗಬೇಕು. ಈ ಹುಳುಗಳು ಅಲ್ಲೇ, ಬಾಗಿಲಿನ ಸುತ್ತ, ಗೊಂಚಲಾಗಿ ಅಂಟಿಕೊಳ್ಳುತ್ತವೆ. ಅಂಟಿದ ಕಡೆ ಹುಣ್ಣಾಗುತ್ತದೆ, ಊತ ಬರುತ್ತದೆ, ಕಾಲಕ್ರಮದಲ್ಲಿ ಗೋಡೆ ದಪ್ಪಗಾಗಿ ಬಿಗಿಯುತ್ತದೆ. ಹತ್ತು ಹುಳುಗಳಿದ್ದರೆ ಕುದುರೆಗೆ ಗೊತ್ತಾಗದೆಯೂ ಇರಬಹುದು. ನೂರಾರು ಸೇರಿದರೆ ಸೆಳೆತದ ಶೂಲೆ, ಸಣ್ಣ ಕರುಳಿನ ಕೊನೆಯಲ್ಲಿ ಮೇವು ಕಟ್ಟಿಕೊಳ್ಳುವುದು, ಕೆಲವೊಮ್ಮೆ ಒಂದು ಕರುಳು ಇನ್ನೊಂದರೊಳಗೆ ನುಗ್ಗಿ ಸಿಕ್ಕಿಕೊಳ್ಳುವುದು, ಇವೆಲ್ಲಕ್ಕೂ ದಾರಿಯಾಗುತ್ತದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಕ್ರಿಸ್ ಪ್ರೌಡ್‌ಮನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ಹಿಡಿದಿಟ್ಟಿತು. ಅವರು ನೋಡಿದ ಸೆಳೆತದ ಶೂಲೆಗಳಲ್ಲಿ ಶೇಕಡಾ 22ಕ್ಕೂ, ಸಣ್ಣ ಕರುಳಿನ ಕೊನೆಯಲ್ಲಿ ಮೇವು ಕಟ್ಟಿಕೊಂಡ ಪ್ರಕರಣಗಳಲ್ಲಿ ಶೇಕಡಾ 81ಕ್ಕೂ ಲಾಡಿಹುಳುವಿನ ನಂಟಿತ್ತು.

ಹರಡುವುದು ಹೇಗೆ: ನಡುವೆ ನಿಂತ ನುಸಿ

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಲಾಡಿಹುಳು ಒಂದು ಕುದುರೆಯಿಂದ ಇನ್ನೊಂದಕ್ಕೆ ನೇರವಾಗಿ ಹೋಗುವುದಿಲ್ಲ. ಮೂತಿಗೆ ಮೂತಿ ತಾಗಿಸಿದರೆ, ಒಂದೇ ತೊಟ್ಟಿಯಲ್ಲಿ ನೀರು ಕುಡಿದರೆ ಬರುವುದಿಲ್ಲ. ಹುಳುವಿನ ಮೊಟ್ಟೆ ತುಂಬಿದ ಲದ್ದಿಯನ್ನೇ ಕುದುರೆ ಮೂಸಿ ತಿಂದರೂ ಬರುವುದಿಲ್ಲ. ಮೊಟ್ಟೆ ಮೊದಲು ಒಂದು ನುಸಿಯ ಹೊಟ್ಟೆಗೆ ಹೋಗಬೇಕು.

ಒರಿಬ್ಯಾಟಿಡ್ ಎಂಬ ಈ ನುಸಿಗಳು ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಮೈ ಮೇಲೆ ಹತ್ತಿ ಕಡಿಯುವ ಜಾತಿಯಲ್ಲ. ಹುಲ್ಲಿನ ಬೇರಿನ ಬುಡದಲ್ಲಿ, ಪಾಚಿಯಲ್ಲಿ, ಕೊಳೆತ ಎಲೆಯಲ್ಲಿ ತಮ್ಮ ಪಾಡಿಗೆ ಬದುಕುವ ಸಾಧುಗಳು. ಒಂದು ಚದರ ಮೀಟರ್ ಹುಲ್ಲುಗಾವಲಿನಲ್ಲಿ ಸಾವಿರಾರು ಇರುತ್ತವೆ. ಲದ್ದಿ ಪುಡಿಯಾದಾಗ ಅದರೊಡನೆ ಹುಳುವಿನ ಮೊಟ್ಟೆಯನ್ನೂ ತಿನ್ನುತ್ತವೆ. ನುಸಿಯೊಳಗೆ ಎರಡರಿಂದ ನಾಲ್ಕು ತಿಂಗಳಲ್ಲಿ ಮೊಟ್ಟೆ ಮರಿಹುಳುವಾಗಿ ಕಾದು ಕೂರುತ್ತದೆ. ತಂಪು ಹೊತ್ತಿನಲ್ಲಿ, ತೇವವಿದ್ದಾಗ ನುಸಿ ಹುಲ್ಲಿನ ಎಸಳಿಗೆ ಏರುತ್ತದೆ. ಕುದುರೆ ಹುಲ್ಲಿನ ಜೊತೆಗೆ ಅದನ್ನೂ ನುಂಗುತ್ತದೆ. ಅಲ್ಲಿಂದ ಸುಮಾರು ಆರರಿಂದ ಹತ್ತು ವಾರಗಳಲ್ಲಿ ಕರುಳಿನಲ್ಲಿ ಹುಳು ಬಲಿತು ಮೊಟ್ಟೆ ಉದುರಿಸಲು ಶುರುಮಾಡುತ್ತದೆ.

ಆದ್ದರಿಂದ ‘ಯಾವ ಕುದುರೆಯಿಂದ ಬಂತು’ ಎಂದು ಲಾಯದಲ್ಲಿ ಜಗಳ ಆಡುವುದಕ್ಕಿಂತ ‘ಯಾವ ಹುಲ್ಲಿನಿಂದ ಬಂತು’ ಎಂದು ಕೇಳುವುದು ಸರಿ. ಒಮ್ಮೆ ನೆಲ ಸೋಂಕಿತೆಂದರೆ ಕುದುರೆಗಳನ್ನೆಲ್ಲ ಒಂದೇ ದಿನ ಶುದ್ಧ ಮಾಡಿದರೂ ನುಸಿಯೊಳಗಿನ ದಾಸ್ತಾನು ಹಾಗೇ ಉಳಿದಿರುತ್ತದೆ. ನುಸಿ ಒಂದು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು.

ಮನೆಯವರು ತಪ್ಪದೆ ಕೇಳುವ ಪ್ರಶ್ನೆ: ನಮಗೆ ಹತ್ತುತ್ತದೆಯೇ? ಲದ್ದಿ ಬಾಚುವವರಿಗಾಗಲಿ, ಕುದುರೆಯ ಜೊತೆ ಮಲಗುವ ನಾಯಿಗಾಗಲಿ ಈ ಹುಳುವಿನಿಂದ ಭಯವಿಲ್ಲ. ಹಸುವಿಗೂ ಇಲ್ಲ, ದನ, ಕುರಿಗಳ ಲಾಡಿಹುಳು ಬೇರೆ ಕುಲದ್ದು, ಅದೂ ಇದೇ ಬಗೆಯ ನುಸಿಗಳ ಮೂಲಕ ಸಾಗುತ್ತದೆ ಅಷ್ಟೆ. ಕತ್ತೆ, ಹೇಸರಗತ್ತೆಗಳಿಗೆ ಮಾತ್ರ ಹತ್ತುತ್ತದೆ. ನಾಯಿಯ ಲಾಡಿಹುಳುವೊಂದು ಕುದುರೆಯ ಪಿತ್ತಜನಕಾಂಗದಲ್ಲಿ ನೀರುಗುಳ್ಳೆಗಳನ್ನು ಮಾಡುವುದುಂಟು, ಆದರೆ ಅದು ಬೇರೆಯದೇ ಕಥೆ. ನಾಯಿಗೆ ಕಾಲಕಾಲಕ್ಕೆ ಜಂತುಹುಳುವಿನ ಔಷಧ ಕೊಡಿ, ಹಸಿ ಮಾಂಸದ ಚೂರುಗಳನ್ನು ಹಾಕಬೇಡಿ.

ಹಂತ 1: ನಿಮ್ಮ ಕುದುರೆ ಎಷ್ಟು ಅಪಾಯದಲ್ಲಿದೆ ಎಂದು ಅಳೆಯಿರಿ

ಕರ್ನಾಟಕದಲ್ಲಿ ಕುದುರೆ ಸಾಕುವುದೆಂದರೆ ಒಂದೇ ಬಗೆಯಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್‌ನಲ್ಲಿ ತಳಿ ಕುದುರೆಗಳು ವಿಶಾಲ ಹುಲ್ಲುಗಾವಲಿನಲ್ಲಿ ಬೆಳೆಯುತ್ತವೆ. ಬೆಂಗಳೂರಿನ ರೇಸಿನ ಕುದುರೆ ದಿನದ ಬಹುಪಾಲು ಲಾಯದಲ್ಲೇ ನಿಂತು ಒಣಹುಲ್ಲು, ಓಟ್ಸ್ ತಿನ್ನುತ್ತದೆ. ಮೈಸೂರಿನ ಟಾಂಗಾ ಕುದುರೆ ಸಿಕ್ಕಲ್ಲಿ ಮೇಯುತ್ತದೆ. ಇವುಗಳ ನಡುವೆ ನಮ್ಮಂಥವರು: ನಗರದ ಹೊರವಲಯದಲ್ಲಿ ಒಂದೆರಡು ಎಕರೆ ಬೇಲಿ ಹಾಕಿಕೊಂಡು ನಾಲ್ಕಾರು ಕುದುರೆ ಇಟ್ಟುಕೊಂಡವರು, ಸವಾರಿ ಶಾಲೆ ನಡೆಸುವವರು.

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಎಚ್ಚರವಾಗಿರಬೇಕಾದವರು ಈ ಕೊನೆಯವರೇ. ಜಾಗ ಚಿಕ್ಕದು, ಅದೇ ಹುಲ್ಲಿನ ಮೇಲೆ ವರ್ಷವಿಡೀ ಅದೇ ಕುದುರೆಗಳು, ನೆಲವನ್ನು ಉಳುವುದಿಲ್ಲ. ನುಸಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಉತ್ತು ಬಿತ್ತಿದ ನೆಲದಲ್ಲಿ ನುಸಿ ಕಡಿಮೆ, ಹಳೆಯ ಕಾಯಂ ಹುಲ್ಲುಗಾವಲಿನಲ್ಲಿ ಹೆಚ್ಚು. ಮಲೆನಾಡು, ಕೊಡಗಿನ ಕಡೆ ತೇವ ಹೆಚ್ಚು ಕಾಲ ನಿಲ್ಲುವುದರಿಂದ ಇನ್ನಷ್ಟು. ಬಯಲುಸೀಮೆಯ ಬೇಸಿಗೆಯಲ್ಲಿ ಒಣಗಿ ಸುಟ್ಟ ನೆಲದ ಮೇಲೆ ಮೊಟ್ಟೆ ಬೇಗ ಸಾಯುತ್ತದೆ. ಲಾಯದಲ್ಲೇ ಕಟ್ಟಿ ಹಾಕಿದ ಕುದುರೆಗೆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕುದುರೆ ಮೇಯ್ದ ಬದುವಿನಿಂದಲೇ ಕೊಯ್ದು ತಂದ ಹಸಿಹುಲ್ಲಿನ ಜೊತೆ ನುಸಿಯೂ ಬರಬಹುದು. ಪ್ರತ್ಯೇಕ ಮಡಿಯಲ್ಲಿ ಬೆಳೆದ ಲೂಸರ್ನ್ ಸೊಪ್ಪು ಆ ಮಟ್ಟಿಗೆ ವಾಸಿ.

ವಯಸ್ಸಿನ ಭರವಸೆ ಬೇಡ. ಮರಿಗಳನ್ನು ಕಾಡುವ ದೊಡ್ಡ ದುಂಡುಹುಳುವಿಗೆ ಕುದುರೆ ಬೆಳೆಯುತ್ತ ತಡೆಯುವ ಶಕ್ತಿ ಗಳಿಸುತ್ತದೆ. ಲಾಡಿಹುಳು ಮಾತ್ರ ಎರಡು ವರ್ಷದ ಮರಿಯಲ್ಲೂ ಸಿಗುತ್ತದೆ, ಇಪ್ಪತ್ತು ದಾಟಿದ ಮುದಿಯಲ್ಲೂ ಸಿಗುತ್ತದೆ.

ಹಂತ 2: ಸರಿಯಾದ ಪರೀಕ್ಷೆಯನ್ನು ಕೇಳಿ ಮಾಡಿಸಿ

ಸಾಮಾನ್ಯ ಲದ್ದಿ ಪರೀಕ್ಷೆಯಲ್ಲಿ ಕೆಲವೇ ಗ್ರಾಂ ಲದ್ದಿಯನ್ನು ದ್ರಾವಣದಲ್ಲಿ ಕಲಸಿ, ಗೆರೆ ಹಾಕಿದ ಗಾಜಿನ ಕೋಣೆಯೊಳಗೆ ತೇಲಿ ಬಂದ ಮೊಟ್ಟೆಗಳನ್ನು ಎಣಿಸಿ, ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಮ್ಯಾಕ್‌ಮಾಸ್ಟರ್ ವಿಧಾನ ಎನ್ನುವುದು ಇದನ್ನೇ. ಸ್ಟ್ರಾಂಗೈಲ್ ಜಾತಿಯ ದುಂಡುಹುಳುಗಳಿಗೆ ಇದು ಒಳ್ಳೆಯ ಅಳತೆಗೋಲು. ಲಾಡಿಹುಳು ಮಾತ್ರ ದಿನಾ ಸಮನಾಗಿ ಮೊಟ್ಟೆ ಇಡುವ ಪೈಕಿಯಲ್ಲ. ಮೊಟ್ಟೆ ತುಂಬಿದ ತುಂಡುಗಳನ್ನು ಆಗಾಗ ಕಳಚಿ ಬಿಡುತ್ತದೆ. ಅವು ಒಡೆದರೆ ಲದ್ದಿಯ ಒಂದು ಉಂಡೆಯಲ್ಲಿ ರಾಶಿ ಮೊಟ್ಟೆ, ಪಕ್ಕದ ಉಂಡೆಯಲ್ಲಿ ಒಂದೂ ಇಲ್ಲ. ನಿಮ್ಮ ಅದೃಷ್ಟಕ್ಕೆ ಯಾವ ಉಂಡೆ ಡಬ್ಬಿ ಸೇರಿತೋ ಅದೇ ವರದಿ. ಗೌರಿಯ ಸೊನ್ನೆಗಳು ಹುಟ್ಟಿದ್ದು ಹೀಗೆ.

ಲಾಡಿಹುಳುವಿಗೆಂದೇ ಕೇಳಬೇಕಾದದ್ದು ಹೆಚ್ಚು ಲದ್ದಿ, ಸಕ್ಕರೆ ಪಾಕ ಮತ್ತು ಸೆಂಟ್ರಿಫ್ಯೂಜ್ (ಕೊಳವೆಗಳನ್ನು ರಭಸವಾಗಿ ತಿರುಗಿಸುವ ಯಂತ್ರ) ಬಳಸುವ ತೇಲಿಕೆ ಪರೀಕ್ಷೆ. ನಮ್ಮ ವೈದ್ಯರ ಬಳಿ ಕುಳಿತು ನಾನು ನೋಡಿದ್ದು ಹೀಗೆ. ಬೆಳಗಿನ ತಾಜಾ ಲದ್ದಿಯ ನಾಲ್ಕೈದು ಉಂಡೆಗಳಿಂದ ಚೂರು ಚೂರು ಕಿತ್ತು ಒಟ್ಟು 40 ಗ್ರಾಂ ಮಾಡಿದರು. ನೀರಿನಲ್ಲಿ ಕದಡಿ, ಚಹಾ ಸೋಸುವ ಜರಡಿಯಂಥದ್ದರಲ್ಲಿ ನಾರು ತೆಗೆದರು. ಸೋಸಿದ ನೀರನ್ನು ಕೊಳವೆಗಳಿಗೆ ತುಂಬಿ ತಿರುಗಿಸಿದರು. ತಳದಲ್ಲಿ ಕಂದು ಗಸಿ ನಿಂತಿತು. ಮೇಲಿನ ನೀರು ಚೆಲ್ಲಿ ಆ ಗಸಿಗೆ ಸಕ್ಕರೆ ಪಾಕ ಬೆರೆಸಿದರು. ಪಾಕದ ಅಳತೆ 355 ಮಿಲಿಲೀಟರ್ ನೀರಿಗೆ 454 ಗ್ರಾಂ ಸಕ್ಕರೆ, ಬಿಸಿ ಮಾಡಿ ಕರಗಿಸಿ ಆರಿಸಿದ್ದು. ಕೊಳವೆಯ ಬಾಯಿಯವರೆಗೆ ಪಾಕ ತುಂಬಿ, ಮೇಲೆ ಗಾಜಿನ ತೆಳು ಹಾಳೆ ಮುಚ್ಚಿ ಮತ್ತೆ ತಿರುಗಿಸಿದರು. ಪಾಕ ಮೊಟ್ಟೆಗಿಂತ ಭಾರ, ಆದ್ದರಿಂದ ಮೊಟ್ಟೆ ಮೇಲೆದ್ದು ಗಾಜಿಗೆ ಅಂಟುತ್ತದೆ. ಗಾಜನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸ್ಟ್ರಾಂಗೈಲ್ ಮೊಟ್ಟೆಗಳು ನಯವಾದ ಅಂಡಾಕಾರ. ಲಾಡಿಹುಳುವಿನದು ಒಂದು ಬದಿ ಒತ್ತಿದ ಹಾಗೆ, ಗೋಡೆ ದಪ್ಪ, ನಡುವೆ ಇನ್ನೊಂದು ಚಿಕ್ಕ ಉಂಡೆ. ಕಣ್ಣು ಕಿರಿದು ಮಾಡಿ ನೋಡಿದರೆ ಆ ಉಂಡೆಯೊಳಗೆ ಆರು ಪುಟ್ಟ ಕೊಕ್ಕೆಗಳು.

ಇಷ್ಟೆಲ್ಲ ಮಾಡಿದರೂ ಈ ಪರೀಕ್ಷೆ ಹಿಡಿಯುವುದು ಸೋಂಕಿತ ಕುದುರೆಗಳಲ್ಲಿ ಸುಮಾರು ಶೇಕಡಾ 60ನ್ನು. ಸಮಾಧಾನದ ಸಂಗತಿಯೆಂದರೆ ಹುಳುವಿನ ಹೊರೆ ದೊಡ್ಡದಿದ್ದಷ್ಟೂ ಸಿಕ್ಕಿಬೀಳುವುದು ಹೆಚ್ಚು, ಮತ್ತು ತೊಂದರೆ ಕೊಡುವುದೂ ದೊಡ್ಡ ಹೊರೆಯೇ. ಇನ್ನೊಂದು ಉಪಾಯವೂ ಇದೆ. ಔಷಧ ಕೊಟ್ಟು ಸುಮಾರು 24 ಗಂಟೆಗಳ ನಂತರದ ಲದ್ದಿಯನ್ನು ಮತ್ತೆ ನೋಡುವುದು. ಸಾಯುತ್ತಿರುವ ಹುಳುಗಳು ಒಡೆದು ಮೊಟ್ಟೆಗಳನ್ನೆಲ್ಲ ಚೆಲ್ಲುವುದರಿಂದ ನಿನ್ನೆ ಸೊನ್ನೆ ಇದ್ದಲ್ಲಿ ಇಂದು ಹತ್ತಾರು ಕಾಣಬಹುದು. ನಮಗೆ ಗುಟ್ಟು ರಟ್ಟಾದದ್ದು ಹೀಗೆಯೇ.

ಬ್ರಿಟನ್‌ನಲ್ಲಿ ಕುದುರೆಯ ಜೊಲ್ಲಿನಲ್ಲಿ ಅಥವಾ ರಕ್ತದಲ್ಲಿ ಲಾಡಿಹುಳುವಿನ ವಿರುದ್ಧದ ಪ್ರತಿಕಾಯ ಅಳೆಯುವ ಪರೀಕ್ಷೆಗಳು ಬಳಕೆಯಲ್ಲಿವೆ. ಹಿಂಡಿನಲ್ಲಿ ಯಾರಿಗೆ ಔಷಧ ಬೇಕು, ಯಾರಿಗೆ ಬೇಡ ಎಂದು ಬೇರ್ಪಡಿಸಲು ಅವು ಉಪಯುಕ್ತ. ರಕ್ತದ ಪರೀಕ್ಷೆಯಲ್ಲಿ ಒಂದು ತೊಡಕು: ಹುಳು ಸತ್ತು ಹೋದ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಹೋದ ತಿಂಗಳು ಔಷಧ ಕೊಟ್ಟ ಕುದುರೆಗೆ ಈ ತಿಂಗಳು ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ.

ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಸೌಲಭ್ಯವಿಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಪರೋಪಜೀವಿ ಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಡಬ್ಬಿಯ ಮೇಲೆ ‘ಲಾಡಿಹುಳುವಿನ ಮೊಟ್ಟೆಗಾಗಿ’ ಎಂದು ಬರೆಯಿರಿ. ಬರೆಯದಿದ್ದರೆ ಮತ್ತೆ ಅದೇ ಸೊನ್ನೆ ಬರುತ್ತದೆ.

ಹಂತ 3: ತೂಕ ಅಂದಾಜು ಮಾಡಬೇಡಿ, ಅಳೆಯಿರಿ

ಕುದುರೆ ಸಾಕುವವರು ತಮ್ಮ ಕುದುರೆಯ ತೂಕವನ್ನು ಕಣ್ಣಳತೆಯಲ್ಲೇ ಹೇಳಬಲ್ಲೆವೆಂದು ನಂಬಿರುತ್ತಾರೆ. ನಾನೂ ನಂಬಿದ್ದೆ. ಗೌರಿ 300 ಕೆ.ಜಿ. ಇರಬಹುದೆಂದುಕೊಂಡಿದ್ದೆ. ಟೇಪು ಹಿಡಿದಾಗ ಲೆಕ್ಕ ತಪ್ಪಿತು. ಕಡಿಮೆ ಪ್ರಮಾಣದ ಔಷಧ ಕೊಡುವುದು ಹುಳುವಿಗೆ ಪಾಠ ಹೇಳಿಕೊಟ್ಟಂತೆ, ಉಳಿದವು ಗಟ್ಟಿಯಾಗುತ್ತವೆ.

ದರ್ಜಿಯ ಟೇಪು ಸಾಕು. ಕುದುರೆಯನ್ನು ಸಮನೆಲದ ಮೇಲೆ ನಿಲ್ಲಿಸಿ. ಮುಂಗಾಲುಗಳ ಹಿಂದೆ, ಹೆಗಲಿನ ಗುಬುಟಿನ ಹಿಂಬದಿಯಿಂದ ಎದೆಯ ಸುತ್ತಳತೆ ತೆಗೆಯಿರಿ. ಉಸಿರು ಹೊರಬಿಟ್ಟಾಗಿನ ಅಳತೆ ಹಿಡಿಯಿರಿ. ನಂತರ ಭುಜದ ಮುಂದಿನ ಮೂಳೆಯ ತುದಿಯಿಂದ ಪೃಷ್ಠದ ಹಿಂದಿನ ಮೂಳೆಯ ತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರ್‌ನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಗೌರಿಯ ಎದೆ 170, ಉದ್ದ 150. ಲೆಕ್ಕ ಹಾಕಿದರೆ 365 ಕೆ.ಜಿ. ನನ್ನ ಕಣ್ಣಳತೆಯನ್ನು ನಂಬಿದ್ದರೆ 65 ಕೆ.ಜಿ. ಕುದುರೆಗೆ ಔಷಧವೇ ಸಿಗುತ್ತಿರಲಿಲ್ಲ. ಈ ಸೂತ್ರ ಬೆಳೆದ ಕುದುರೆಗೆ. ಮರಿಗೂ ಗಬ್ಬದ ಕುದುರೆಗೂ ವೈದ್ಯರನ್ನು ಕೇಳಿ.

ಹಂತ 4: ಔಷಧ ಆರಿಸುವುದು

ಇಲ್ಲಿ ಆಗುವ ಅತಿ ದೊಡ್ಡ ಎಡವಟ್ಟೆಂದರೆ ಐವರ್‌ಮೆಕ್ಟಿನ್ ಕೊಟ್ಟು ಎಲ್ಲ ಹುಳುಗಳೂ ಸತ್ತವೆಂದು ನಿಶ್ಚಿಂತರಾಗುವುದು. ಐವರ್‌ಮೆಕ್ಟಿನ್, ಮಾಕ್ಸಿಡೆಕ್ಟಿನ್, ಫೆನ್‌ಬೆಂಡಜೋಲ್ ಮೂರೂ ದುಂಡುಹುಳುಗಳ ಔಷಧ. ಕುದುರೆಯ ಲಾಡಿಹುಳುವಿನ ಮೇಲೆ ಇವು ಕೆಲಸ ಮಾಡುವುದಿಲ್ಲ. ಎಷ್ಟೋ ಲಾಯಗಳಲ್ಲಿ ವರ್ಷಾನುಗಟ್ಟಲೆ ಇವನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿರುತ್ತಾರೆ, ಲಾಡಿಹುಳು ನೆಮ್ಮದಿಯಿಂದ ಇರುತ್ತದೆ.

ಕೆಲಸ ಮಾಡುವುದು ಎರಡೇ. ಒಂದು ಪ್ರಾಜಿಕ್ವಾಂಟೆಲ್, ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 1.5 ಮಿಲಿಗ್ರಾಂ. ಸಾಮಾನ್ಯವಾಗಿ ಐವರ್‌ಮೆಕ್ಟಿನ್ ಜೊತೆ ಬೆರೆತ ಪೇಸ್ಟ್ ರೂಪದಲ್ಲಿ ಸಿಗುತ್ತದೆ. 1.5ರ ಲೆಕ್ಕದಲ್ಲಿ ಗೌರಿಗೆ ಸುಮಾರು 550 ಮಿಲಿಗ್ರಾಂ. ಇನ್ನೊಂದು ಪೈರಾಂಟೆಲ್, ಆದರೆ ದುಂಡುಹುಳುವಿಗೆ ಕೊಡುವುದರ ಎರಡು ಪಟ್ಟು. ಇಲ್ಲೊಂದು ಹಳ್ಳವಿದೆ, ಜೋಪಾನ. ಕೆಲವು ಡಬ್ಬಿಗಳ ಮೇಲೆ ಪೈರಾಂಟೆಲ್‌ನ ಮೂಲ ತೂಕ ಬರೆದಿರುತ್ತಾರೆ, ಕೆಲವುಗಳ ಮೇಲೆ ಅದರ ಲವಣವಾದ ಪಾಮೋಯೇಟ್ ಅಥವಾ ಎಂಬೋನೇಟ್‌ನ ತೂಕ. ಎರಡು ಹೆಸರಿದ್ದರೂ ಲವಣ ಒಂದೇ. ಲಾಡಿಹುಳುವಿಗೆ ಬೇಕಾದದ್ದು ಮೂಲದ ಲೆಕ್ಕದಲ್ಲಿ ಕೆ.ಜಿ.ಗೆ 13.2 ಮಿಲಿಗ್ರಾಂ, ಲವಣದ ಲೆಕ್ಕದಲ್ಲಿ 38 ಮಿಲಿಗ್ರಾಂ. ಗೌರಿಯ ತೂಕಕ್ಕೆ ಮೊದಲನೆಯದು 4.8 ಗ್ರಾಂ, ಎರಡನೆಯದು ಸುಮಾರು 13.9 ಗ್ರಾಂ. ಲವಣದ ಡಬ್ಬಿ ಹಿಡಿದು ಮೂಲದ ಅಂಕಿ ಹಾಕಿದರೆ ಮೂರನೇ ಒಂದು ಭಾಗ ಔಷಧವಷ್ಟೇ ಹೊಟ್ಟೆ ಸೇರುತ್ತದೆ. ಚೀಟಿಯಲ್ಲಿ ಯಾವ ಲೆಕ್ಕವೆಂದು ವೈದ್ಯರಿಂದ ಬರೆಸಿಕೊಳ್ಳಿ.

ನಾಯಿಯ ಮಾತ್ರೆಗಳಲ್ಲೂ ಪ್ರಾಜಿಕ್ವಾಂಟೆಲ್ ಇರುತ್ತದೆಂದು ಅದನ್ನೇ ಪುಡಿ ಮಾಡಿ ಬೆಲ್ಲದಲ್ಲಿ ಕೊಟ್ಟವರನ್ನು ಕಂಡಿದ್ದೇನೆ. ಆ ಮಾತ್ರೆಗಳಲ್ಲಿ ಬೇರೆ ಔಷಧಗಳೂ ಕೂಡಿರುತ್ತವೆ, ಪ್ರಮಾಣದ ಅಂದಾಜು ಹಳ್ಳ ಹಿಡಿಯುತ್ತದೆ. ಬೇಡ.

ಎಷ್ಟು ಸಲ ಕೊಡಬೇಕು? ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂಬ ಕಾಲ ಹೋಯಿತು. 2023ರಲ್ಲಿ ಅಮೆರಿಕದ ಕೆಂಟಕಿಯ ಸಂಶೋಧಕರು ಪ್ರಾಜಿಕ್ವಾಂಟೆಲ್, ಪೈರಾಂಟೆಲ್ ಎರಡೂ ಲಾಡಿಹುಳುವಿನ ಮುಂದೆ ಸೋತಂತೆ ಕಾಣುವ ಪ್ರಕರಣಗಳನ್ನು ವರದಿ ಮಾಡಿದರು. ಇರುವುದು ಎರಡೇ ಬಾಣ, ಅವನ್ನೂ ಮೊಂಡು ಮಾಡಿಕೊಂಡರೆ ಮೂರನೆಯದಿಲ್ಲ. ಅಮೆರಿಕದ ಕುದುರೆ ವೈದ್ಯರ ಸಂಘದ ಮಾರ್ಗಸೂಚಿ ಬಹುತೇಕ ಕುದುರೆಗಳಿಗೆ ವರ್ಷಕ್ಕೆ ಒಂದು ಸಲ, ಮೇಯುವ ಕಾಲದ ಕೊನೆಗೆ, ಎನ್ನುತ್ತದೆ. ಅವರ ‘ಕೊನೆ’ ಹಿಮ ಬೀಳುವ ಮುಂಚೆ. ನಮ್ಮ ಬಯಲುಸೀಮೆಯಲ್ಲಿ ನಾನು ಇಟ್ಟುಕೊಂಡಿರುವುದು ಡಿಸೆಂಬರ್ ಮೊದಲ ವಾರ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಹಸಿರಿನಲ್ಲಿ ನುಂಗಿದ ನುಸಿಗಳೊಳಗಿನ ಮರಿಗಳು ಬಹುಪಾಲು ಅಷ್ಟರೊಳಗೆ ಹುಳುಗಳಾಗಿರುತ್ತವೆ, ಮುಂದೆ ಒಣ ತಿಂಗಳುಗಳಿರುವುದರಿಂದ ಹೊಸದಾಗಿ ಹತ್ತುವುದೂ ಕಡಿಮೆ. ಮಲೆನಾಡಿನವರು, ಶೂಲೆಯ ಇತಿಹಾಸವಿರುವ ಕುದುರೆಯುಳ್ಳವರು ಎರಡನೆಯ ಸಲ ಬೇಕೇ ಎಂದು ವೈದ್ಯರೊಡನೆ ಕೂತು ನಿರ್ಧರಿಸಲಿ.

ಹಂತ 5: ಬಾಯಿಗೆ ಹಾಕುವುದು, ಉಗುಳದಂತೆ

ಪೇಸ್ಟ್ ಸಿರಿಂಜಿನ ದಂಡದ ಮೇಲೆ ತೂಕದ ಗೆರೆಗಳಿರುತ್ತವೆ. ಉಂಗುರವನ್ನು ಅಳೆದ ತೂಕದ ಗೆರೆಗೆ ತಿರುಗಿಸಿ ಬಿಗಿಯಾಗಿದೆಯೇ ನೋಡಿ. ಒಮ್ಮೆ ನಮ್ಮಲ್ಲಿ ಉಂಗುರ ಸಡಿಲವಿದ್ದು ಎರಡು ಕುದುರೆಯ ಔಷಧ ಒಂದಕ್ಕೇ ಹೋಯಿತು. ಅದಕ್ಕೇನೂ ಆಗಲಿಲ್ಲ, ನನ್ನ ನಿದ್ದೆ ಮಾತ್ರ ಹೋಯಿತು. ಬಾಯಲ್ಲಿ ಮೇವಿನ ಉಂಡೆ ಇದ್ದರೆ ಪೇಸ್ಟ್ ಅದರ ಜೊತೆ ನೆಲಕ್ಕೆ ಬೀಳುತ್ತದೆ, ಮೊದಲು ಬಾಯಿ ಖಾಲಿ ಮಾಡಿಸಿ. ಕುದುರೆಯ ಎಡಗಡೆ ನಿಂತು ಲಗಾಮಿನ ಕಬ್ಬಿಣ ಕೂರುವ ಹಲ್ಲಿಲ್ಲದ ಸಂದಿನಿಂದ ಸಿರಿಂಜ್ ತೂರಿಸಿ, ತುದಿಯನ್ನು ನಾಲಿಗೆಯ ಹಿಂಭಾಗಕ್ಕೆ ಗುರಿ ಮಾಡಿ ಒತ್ತಿ. ಗದ್ದವನ್ನು ಸ್ವಲ್ಪ ಎತ್ತಿ ಹಿಡಿದು, ನುಂಗುವವರೆಗೆ ಬಿಡಬೇಡಿ. ಆಮೇಲೆ ನೆಲ ನೋಡಿ.

ಖಾಲಿ ಸಿರಿಂಜನ್ನು, ಚೆಲ್ಲಿದ ಪೇಸ್ಟನ್ನು ನಾಯಿಗೆ ಸಿಗದಂತೆ ತೆಗೆಯಿರಿ. ಐವರ್‌ಮೆಕ್ಟಿನ್ ಕುದುರೆಯ ಪ್ರಮಾಣದಲ್ಲಿ ನಾಯಿಗೆ ವಿಷ, ಕೋಲಿ ತಳಿಗಂತೂ ಸ್ವಲ್ಪವೂ ಸಾಕು. ಔಷಧದ ನಂತರದ ಕೆಲವು ದಿನಗಳ ಲದ್ದಿಯನ್ನೂ ನಾಯಿ ಮೂಸದಂತೆ ನೋಡಿಕೊಳ್ಳಿ.

ಹುಳುವಿನ ಹೊರೆ ದೊಡ್ಡದಿದ್ದರೆ ಔಷಧದ ಮರುದಿನ ಸಣ್ಣ ಶೂಲೆ ಬರಬಹುದು. ಆದ್ದರಿಂದ ಭಾನುವಾರ ಸಂಜೆ ಕೊಟ್ಟು ಊರಿಗೆ ಹೋಗಬೇಡಿ. ವೈದ್ಯರು ಫೋನಿಗೆ ಸಿಗುವ ದಿನ ಬೆಳಿಗ್ಗೆ ಕೊಡಿ.

ಹಂತ 6: ನೆಲದ ಕೆಲಸ

ನನ್ನನ್ನು ಕೇಳಿದರೆ ಔಷಧಕ್ಕಿಂತ ಹೆಚ್ಚು ಫಲ ಕೊಡುವುದು ಕೈಗಾಡಿ ಮತ್ತು ಸಲಿಕೆ. ಒಂದು ಕುದುರೆ ದಿನಕ್ಕೆ ಹದಿನೈದು, ಇಪ್ಪತ್ತು ಕೆ.ಜಿ. ಲದ್ದಿ ಹಾಕುತ್ತದೆ. ಹುಲ್ಲುಗಾವಲಿನಲ್ಲಿ ಬಿದ್ದದ್ದನ್ನು ವಾರಕ್ಕೆ ಎರಡು ಸಲ ಎತ್ತಿದರೆ ನುಸಿಯ ಬಾಯಿಗೆ ಮೊಟ್ಟೆ ಸೇರುವ ಮುನ್ನವೇ ಬಹುಪಾಲು ಹೊರಟುಹೋಗುತ್ತದೆ, ಅದರ ಜೊತೆಗೆ ಸ್ಟ್ರಾಂಗೈಲ್‌ಗಳ ಕಾಟವೂ ಇಳಿಯುತ್ತದೆ. ಮಳೆಗಾಲದಲ್ಲಿ ಎತ್ತುವುದು ಕಷ್ಟ, ಕೆಸರಿನಲ್ಲಿ ಗಾಡಿ ಹೂತುಹೋಗುತ್ತದೆ, ಆಳು ಗೊಣಗುತ್ತಾನೆ. ಆದರೆ ನುಸಿ ಚುರುಕಾಗಿರುವ ಕಾಲವೇ ಅದು. ಉಳಿದ ಕಾಲದಲ್ಲಿ ಒಂದು ವಾರ ತಪ್ಪಿಸಿದರೂ ಜೂನ್‌ನಿಂದ ಅಕ್ಟೋಬರ್‌ವರೆಗೆ ತಪ್ಪಿಸಬೇಡಿ.

ಎತ್ತಿದ ಲದ್ದಿಯನ್ನು ತಿಪ್ಪೆಯಲ್ಲಿ ಒಟ್ಟಿ. ಒಳಗೆ ಕೈ ಹಾಕಲಾಗದಷ್ಟು ಬಿಸಿ ಏರಬೇಕು. 55 ಡಿಗ್ರಿ ಸೆಲ್ಸಿಯಸ್ ದಾಟಿದ ರಾಶಿಯನ್ನು ಕೆಲವು ವಾರಗಳಲ್ಲಿ ಎರಡು ಮೂರು ಸಲ ಮಗುಚಿ ಹಾಕಿದರೆ ಅಂಚಿನದೂ ಒಳಗೆ ಹೋಗಿ ಬೇಯುತ್ತದೆ. ಹಸಿ ಲದ್ದಿಯನ್ನು ಗೊಬ್ಬರವೆಂದು ಕುದುರೆ ಮೇಯುವ ಹುಲ್ಲಿಗೇ ಎರಚುವುದು ಹುಳುವಿಗೆ ಊಟ ಬಡಿಸಿದಂತೆ. ತೆಂಗಿನ ಬುಡಕ್ಕೆ, ತರಕಾರಿ ಮಡಿಗೆ ಹಾಕಿ.

ಜಾಗವನ್ನು ಎರಡು ಮೂರು ತುಂಡು ಮಾಡಿ ಸರದಿಯಲ್ಲಿ ಮೇಯಿಸಬಹುದು. ನುಸಿಯ ಆಯಸ್ಸು ನೋಡಿದರೆ ಒಂದು ತಿಂಗಳು ಬಿಟ್ಟಮಾತ್ರಕ್ಕೆ ನೆಲ ಶುದ್ಧವಾಗುವುದಿಲ್ಲ, ಆದರೆ ಹುಲ್ಲು ಎತ್ತರ ಉಳಿಯುತ್ತದೆ. ಬುಡದವರೆಗೆ ಕಚ್ಚಿ ಮೇಯ್ದಷ್ಟೂ ನುಸಿ ಹೊಟ್ಟೆಗೆ ಹೋಗುವುದು ಹೆಚ್ಚು. ಸಾಧ್ಯವಿದ್ದರೆ ಒಂದು ತುಂಡನ್ನು ಉತ್ತು, ಒಂದು ಬೆಳೆ ರಾಗಿ ತೆಗೆದು ಮತ್ತೆ ಹುಲ್ಲು ಬಿತ್ತಿ. ನೆರೆಯವರ ಹಸುಗಳನ್ನು ಬಿಟ್ಟು ಮೇಯಿಸುವುದೂ ಒಳ್ಳೆಯದು. ಸೋಂಕಿದ ನುಸಿಯನ್ನು ಹಸು ನುಂಗಿದರೆ ಕುದುರೆಯ ಹುಳು ಅಲ್ಲಿಗೆ ಮುಗಿಯಿತು. ಒಂದೇ ಎಚ್ಚರ: ಮೊನೆನ್ಸಿನ್ ಎಂಬ ಔಷಧ ಬೆರೆಸಿದ ದನದ ಅಥವಾ ಕೋಳಿಯ ಆಹಾರ ಕುದುರೆಯ ಬಾಯಿಗೆ ಬೀಳಬಾರದು. ಅದು ಕುದುರೆಯ ಹೃದಯಕ್ಕೆ ನೇರ ವಿಷ.

ಹಂತ 7: ಹೊಸಬರು ಬಂದಾಗ

ಹೊಸ ಕುದುರೆಯ ಜೊತೆ ಬರುವ ಕಾಗದಗಳಲ್ಲಿ ‘ಜಂತುನಾಶಕ ಕೊಟ್ಟಿದೆ’ ಎಂದಿದ್ದರೆ ಯಾವ ಔಷಧ ಎಂದು ಕೇಳಿ. ಉತ್ತರ ಹೆಚ್ಚಾಗಿ ಐವರ್‌ಮೆಕ್ಟಿನ್ ಎಂದಿರುತ್ತದೆ. ಬಂದ ದಿನವೇ ಪ್ರಾಜಿಕ್ವಾಂಟೆಲ್ ಇರುವ ಔಷಧ ಕೊಟ್ಟು, ಮೂರು ದಿನ ಲಾಯದಲ್ಲೇ ಒಣಮೇವಿನ ಮೇಲೆ ಇಟ್ಟು, ಆ ಲದ್ದಿಯನ್ನೆಲ್ಲ ತಿಪ್ಪೆಗೆ ಸೇರಿಸಿ. ಆಮೇಲಷ್ಟೇ ಹುಲ್ಲಿಗೆ ಬಿಡಿ. ಮೂರು ದಿನದ ಈ ಕಟ್ಟು ಲಾಡಿಹುಳುವಿಗೆ ಮಾತ್ರ. ಜ್ವರ, ನೆಗಡಿಯಂಥ ಅಂಟುರೋಗಗಳಿಗಾಗಿ ಬೇರೆಯೇ ಕಟ್ಟಿ ಹಾಕುವ ಕಾಲ ಇನ್ನೂ ಉದ್ದ, ಅದನ್ನು ಮರೆಯಬೇಡಿ. ಬೇರೆಯವರ ಕುದುರೆಯನ್ನು ಹತ್ತು ದಿನದ ಮಟ್ಟಿಗೆ ಇಟ್ಟುಕೊಳ್ಳುವಾಗಲೂ ಇದೇ ನಿಯಮ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದು ನಿಮ್ಮ ಹುಲ್ಲುಗಾವಲು.

ಶೂಲೆಯ ರಾತ್ರಿ

ಇಷ್ಟೆಲ್ಲ ಮಾಡಿಯೂ ಒಂದು ರಾತ್ರಿ ಕುದುರೆ ನೆಲ ಕೆರೆಯಬಹುದು. ಮೇವು ತೆಗೆಯಿರಿ. ವೈದ್ಯರಿಗೆ ಫೋನ್ ಮಾಡುವ ಮುನ್ನ ಎರಡು ನಿಮಿಷದಲ್ಲಿ ಇಷ್ಟು ನೋಡಿಕೊಳ್ಳಿ: ದವಡೆಯ ಒಳಬದಿಯ ನಾಡಿ ನಿಮಿಷಕ್ಕೆ ಎಷ್ಟು (ಸುಮ್ಮನಿರುವ ಬೆಳೆದ ಕುದುರೆಗೆ 28ರಿಂದ 44), ಒಸಡಿನ ಬಣ್ಣ, ಕೊನೆಯ ಲದ್ದಿ ಯಾವಾಗ ಹಾಕಿತು, ಪಕ್ಕೆಗೆ ಕಿವಿಯಿಟ್ಟರೆ ಕರುಳಿನ ಗುಡುಗುಡು ಕೇಳುತ್ತದೆಯೇ. ನಾಡಿ 60 ದಾಟಿದ್ದರೆ, ಒಸಡು ಕೆಂಪೇರಿದ್ದರೆ ಅಥವಾ ಬಿಳಚಿದ್ದರೆ, ಕುದುರೆ ಬಿದ್ದು ಹೊರಳುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ.

ಹಳ್ಳಿಗಳಲ್ಲಿ ದನಕ್ಕೆ ಮಾಡುವಂತೆ ಬಿದಿರಿನ ಗೊಟ್ಟದಲ್ಲಿ ಎಣ್ಣೆಯನ್ನೋ ಕಷಾಯವನ್ನೋ ಸುರಿಯುವ ರೂಢಿ ಇನ್ನೂ ಇದೆ. ಕುದುರೆಗೆ ಗೊಟ್ಟ ಹಾಕಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಶೂಲೆಯಿಂದ ಬದುಕಿದ ಕುದುರೆ ನ್ಯುಮೋನಿಯಾದಿಂದ ಸಾಯುತ್ತದೆ. ಕುದುರೆಗೆ ವಾಂತಿ ಮಾಡಲಾಗುವುದಿಲ್ಲ. ಹೊಟ್ಟೆ ತುಂಬಿ ಬಿಗಿದಿದ್ದರೆ ಮೇಲಿಂದ ಸುರಿದದ್ದು ಒಡೆತಕ್ಕೇ ದಾರಿ. ವೈದ್ಯರು ಮೂಗಿನಿಂದ ಕೊಳವೆ ಇಳಿಸಿ ಮೊದಲು ಹೊಟ್ಟೆಯಲ್ಲಿರುವುದನ್ನು ಹೊರತೆಗೆದು ನೋಡುತ್ತಾರೆ, ಆಮೇಲೆ ಒಳಗೆ ಹಾಕುತ್ತಾರೆ. ಶೂಲೆ ನಡೆಯುತ್ತಿರುವಾಗ ಜಂತುನಾಶಕ ಕೊಡುವ ಆತುರವೂ ಬೇಡ. ಆದರೆ ಹಿಂದಿನ ಸಲ ಲಾಡಿಹುಳುವಿಗೆ ಯಾವಾಗ ಏನು ಕೊಟ್ಟಿರಿ ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಅದನ್ನು ಹೇಳಲು ಬರೆದಿಟ್ಟಿರಬೇಕು. ಲಾಯದ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ ನೂರು ಪುಟದ ನೋಟ್‌ಬುಕ್ ನಮ್ಮದು, ಒಂದು ಕುದುರೆಗೆ ನಾಲ್ಕು ಪುಟ. ದಿನಾಂಕ, ಅಳೆದ ತೂಕ, ಔಷಧದ ಹೆಸರು ಮತ್ತು ಪ್ರಮಾಣ, ಮರುದಿನದ ಲದ್ದಿಯಲ್ಲಿ ಕಂಡದ್ದು, ಶೂಲೆ ಬಂದಿದ್ದರೆ ಗಂಟೆ ಸಮೇತ. ಗೌರಿಯ ಪುಟದಲ್ಲಿ ಮುಂದಿನ ಸಾಲು ಡಿಸೆಂಬರ್ ಮೊದಲ ವಾರದ್ದು, ತೂಕದ ಜಾಗ ಖಾಲಿ. ಹೊಸ ಟೇಪು ತರಬೇಕು. ಹಳೆಯದನ್ನು ಅವಳ ಮರಿ 90ನೇ ಸೆಂಟಿಮೀಟರ್‌ವರೆಗೆ ಅಗಿದುಹಾಕಿದೆ.